ಆಟಿಸಂ ಒಂದು ಗುಣವೇ? ಯಾವ ‘ಗುಣ’ ಎಂಬುದನ್ನು ಮೊದಲು ಹೇಳಿ

ಪ್ರಶ್ನೆ: ನನ್ನ ಮಗನಿಗೆ ಆಟಿಸಂ ಇದೆ. ಶಾಲೆಗೆ ಸೇರಿಸುವ ಅರ್ಜಿಯಲ್ಲಿ ‘ಮಗುವಿನ ವೈಯಕ್ತಿಕ ಗುಣಗಳು’ ಎಂಬ ಅಂಕಣವಿದೆ. ಅಲ್ಲಿ ಅದನ್ನು ಬರೆಯಬಹುದೇ? ಅದು ಗುಣವೋ, ಕಾಯಿಲೆಯೋ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ವಿಶೇಷ ಮಕ್ಕಳಿಗೆ ಪಾಠ ಹೇಳುವ ನನ್ನಂಥವರು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿರುತ್ತೇವೆಂದರೆ, ಕೇಳುವವರು ಮಾತು ಮುಗಿಸುವ ಮೊದಲೇ ಉತ್ತರ ನಾಲಿಗೆಯ ತುದಿಗೆ ಬಂದಿರುತ್ತದೆ. ಈ ಸಲ ಸಾವಧಾನವಾಗಿ ಬರೆಯುತ್ತೇನೆ, ಏಕೆಂದರೆ ಗೊಂದಲದ ಅರ್ಧಪಾಲು ನಮ್ಮ ‘ಗುಣ’ ಎಂಬ ಪದದಲ್ಲೇ ಇದೆ. ‘ಹುಡುಗ ಗುಣವಂತ’ ಎಂದಾಗ ಅದು ಮೆಚ್ಚುಗೆ. ‘ಸುಡುವುದು ಬೆಂಕಿಯ ಗುಣ’ ಎಂದಾಗ ಮೆಚ್ಚುಗೆಯೂ ಇಲ್ಲ, ದೂರೂ ಇಲ್ಲ. ‘ಜ್ವರ ಗುಣವಾಯಿತು’ ಎಂದಾಗ ಕಾಯಿಲೆ ಬಿಟ್ಟುಹೋಯಿತು ಎಂದರ್ಥ. ಆಟಿಸಂ, ಅಂದರೆ ಮಾತು, ಜನರೊಂದಿಗೆ ಬೆರೆಯುವಿಕೆ, ಸದ್ದು-ಸ್ಪರ್ಶಗಳ ಅನುಭವ ಇವು ಎಲ್ಲರಂತಿರದೆ ಬೇರೆಯಾಗಿರುವ ಹುಟ್ಟಿನ ರೀತಿ, ಎರಡನೆಯ ಅರ್ಥದಲ್ಲಿ ನಿಸ್ಸಂದೇಹವಾಗಿ ಗುಣ. ತಾಳ್ಮೆ, ಪ್ರಾಮಾಣಿಕತೆಗಳಂತೆ ರೂಢಿಸಿಕೊಂಡು ಬಂದದ್ದಲ್ಲವಾದ್ದರಿಂದ ಅದಕ್ಕಾಗಿ ಮಗುವನ್ನು ಹೊಗಳುವಂತೆಯೂ ಇಲ್ಲ, ಬೈಯುವಂತೆಯೂ ಇಲ್ಲ. ಮೂರನೆಯ ಅರ್ಥವನ್ನು ನಂಬಿ, ‘ಆರು ತಿಂಗಳಲ್ಲಿ ಗುಣಪಡಿಸುತ್ತೇವೆ’ ಎಂದವರ ಕೈಗೆ ಹಣ ಕೊಟ್ಟು ಬಂದ ತಂದೆತಾಯಿಯರನ್ನು ನಾನು ಕಂಡಿದ್ದೇನೆ. ಮಾತಿನ ತರಬೇತಿ, ದಿನನಿತ್ಯದ ಕೆಲಸಗಳ ತರಬೇತಿ ಇವುಗಳಿಂದ ಮಗುವಿನ ಬದುಕು ಸಲೀಸಾಗುತ್ತದೆ, ಆಟಿಸಂ ಹೋಗುವುದಿಲ್ಲ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಬೈಗುಳವಾಗಿ ಬಳಸದಿದ್ದರೆ ಇಲ್ಲಿ ಅದು ಸರಿಯಾಗಿಯೇ ಹೊಂದುತ್ತದೆ.

ಕೆಲವು ವರ್ಷಗಳ ಹಿಂದೆ, ಅಶೋಕ ಟಾಕೀಸ್ ಬಳಿ ರೈಲ್ವೆ ಗೇಟು ಬಿದ್ದು ನಾವೆಲ್ಲ ಕಾಯುತ್ತಿದ್ದಾಗ, ನನ್ನ ಪಕ್ಕದಲ್ಲಿದ್ದ ಏಳೆಂಟು ವರ್ಷದ ಹುಡುಗನೊಬ್ಬ ತುಟಿಯನ್ನಷ್ಟೇ ಅಲುಗಿಸುತ್ತ ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸಿ, ‘ನಲವತ್ತೆರಡು, ಸೋಮವಾರ ನಲವತ್ತು’ ಎಂದ. ಗೇಟು ಏಳುತ್ತಿದ್ದಂತೆ ಎರಡೂ ಕಡೆಯ ಆಟೊ, ಲಾರಿ, ಬೈಕುಗಳು ಒಮ್ಮೆಗೇ ಹಾರ್ನ್ ಹೊಡೆದವು. ಹುಡುಗ ಎರಡೂ ಕಿವಿ ಮುಚ್ಚಿಕೊಂಡು ರಸ್ತೆಯಲ್ಲೇ ಕುಸಿದು ಕೂತ. ತಾಯಿ ಸೆರಗಿನಿಂದ ಅವನ ತಲೆಯನ್ನು ಸುತ್ತಿ ಹಿಡಿದು, ವಾಹನಗಳಿಗೆ ಬೆನ್ನು ಕೊಟ್ಟು ನಿಂತರು. ಯಾರೂ ಗಮನಿಸದ ಡಬ್ಬಿಗಳ ಲೆಕ್ಕವನ್ನು ಹಿಡಿದಿಟ್ಟುಕೊಂಡ ಮನಸ್ಸಿಗೆ, ನಾವೆಲ್ಲ ಕೇಳಿಯೂ ಕೇಳದಂತೆ ದಾಟಿಬಿಡುವ ಹಾರ್ನುಗಳನ್ನು ಹೊರಗಿಡಲು ಆಗಲಿಲ್ಲ. ಒಂದನ್ನು ಪ್ರತಿಭೆ, ಇನ್ನೊಂದನ್ನು ಹಠ ಎಂದು ನಾವು ಬೇರೆ ಬೇರೆ ಹೆಸರಿಟ್ಟು ಕರೆಯುತ್ತೇವೆ. ಅಲ್ಲಿದ್ದ ಹಿರಿಯರೊಬ್ಬರಂತೂ, ‘ಮುದ್ದು ಮಾಡಿ ಮಾಡಿ ಹುಡುಗನ್ನ ಕೆಡಿಸಿಟ್ಟೀಯಲ್ಲವ್ವ’ ಎಂದೇಬಿಟ್ಟರು.

ಈ ಮಾತನ್ನು ನಾನು ಸುಲಭವಾಗಿ ಬಿಡುವವನಲ್ಲ. ‘ಗುಣ ಎಂದಮೇಲೆ ಅದನ್ನು ಯಾರೋ ಕಲಿಸಿರಬೇಕು, ಕಲಿಸಿದವಳು ತಾಯಿಯೇ ಇರಬೇಕು’ ಎಂಬ ತರ್ಕಕ್ಕೆ ಎಂಬತ್ತು ವರ್ಷಗಳ ವಯಸ್ಸಾಗಿದೆ. ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ 11 ಮಕ್ಕಳನ್ನು ವಿವರಿಸಿ ಆಟಿಸಂ ಕುರಿತು ಬರೆದರು. ಮುಂದೆ ಅವರೇ ಆ ಮಕ್ಕಳ ತಂದೆತಾಯಿಯರನ್ನು ಭಾವ ತಣ್ಣಗಾದವರೆಂದು ಬಣ್ಣಿಸಿದ್ದರಿಂದ ‘ರೆಫ್ರಿಜರೇಟರ್ ತಾಯಿ’ ಎಂಬ ಕ್ರೂರ ಮಾತು ಹುಟ್ಟಿತು. ಅಮೆರಿಕದಲ್ಲಿ ಮಕ್ಕಳ ಚಿಕಿತ್ಸಾ ಶಾಲೆ ನಡೆಸುತ್ತಿದ್ದ ಬ್ರೂನೊ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಇದನ್ನು ಇನ್ನಷ್ಟು ಜನಪ್ರಿಯಗೊಳಿಸಿದರು. ಆಟಿಸಂ ಇದ್ದ ಮಗನ ತಂದೆಯೂ ಮನಃಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಅವರು 1964ರಲ್ಲೇ ಈ ವಾದವನ್ನು ಸಾಕ್ಷ್ಯಸಮೇತ ಅಲ್ಲಗಳೆದಿದ್ದರು. 1969ರಲ್ಲಿ ಸ್ವತಃ ಕ್ಯಾನರ್ ಪೋಷಕರ ಸಭೆಯೊಂದರಲ್ಲಿ ನಿಂತು ಅವರನ್ನು ದೋಷಮುಕ್ತರೆಂದು ಸಾರಿದರು. 1977ರಲ್ಲಿ ಬ್ರಿಟನ್ನಿನಲ್ಲಿ 21 ಜೋಡಿ ಅವಳಿಗಳ ಅಧ್ಯಯನ ನಡೆಯಿತು. ವಂಶವಾಹಿಗಳೂ ಒಂದೇ ಆಗಿರುವ ಏಕರೂಪದ 11 ಜೋಡಿಗಳಲ್ಲಿ 4 ಜೋಡಿಗಳ ಇಬ್ಬರಲ್ಲೂ ಆಟಿಸಂ ಕಂಡುಬಂತು, ಸಾಮಾನ್ಯ ಒಡಹುಟ್ಟಿದವರಷ್ಟೇ ಹೋಲಿಕೆಯಿರುವ ಬೇರೆ ಬಗೆಯ 10 ಜೋಡಿಗಳ ಪೈಕಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಒಂದೇ ತಾಯಿ, ಒಂದೇ ತೊಟ್ಟಿಲು, ಒಂದೇ ಲಾಲನೆ ಇದ್ದೂ ವ್ಯತ್ಯಾಸ ಬಂದದ್ದು ವಂಶವಾಹಿಗಳ ಹೋಲಿಕೆಯಿಂದ. ಆಮೇಲಿನ ದೊಡ್ಡ ಅಧ್ಯಯನಗಳು ಇದನ್ನೇ ಇನ್ನೂ ಗಟ್ಟಿ ಮಾಡಿವೆ.

ವಿಚಿತ್ರವೆಂದರೆ, ಅಲ್ಲಿ ತಾಯಿ ಪ್ರೀತಿ ಕಡಿಮೆ ಕೊಟ್ಟಳೆಂದು ಆರೋಪ, ಇಲ್ಲಿ ಹೆಚ್ಚು ಕೊಟ್ಟಳೆಂದು ಆರೋಪ. ಕಟಕಟೆಯಲ್ಲಿ ನಿಂತವಳು ಮಾತ್ರ ಒಬ್ಬಳೇ. ಈಗ ಅದೇ ಆರೋಪ ‘ಊಟ ಮಾಡಿಸುವಾಗ ಮೊಬೈಲ್ ಕೊಟ್ಟಳು’ ಎಂಬ ಹೊಸ ಉಡುಪು ತೊಟ್ಟಿದೆ. ಕ್ಯಾನರ್ ಆ 11 ಮಕ್ಕಳನ್ನು ಕಂಡಾಗ ಮೊಬೈಲ್ ಇರಲಿ, ನಮ್ಮೂರಿನ ಎಷ್ಟು ಮನೆಗಳಲ್ಲಿ ರೇಡಿಯೊ ಇತ್ತು? ಎಳೆಯ ಮಗುವಿಗೆ ಪರದೆ ಹೆಚ್ಚಾದರೆ ಎದುರಾಎದುರು ಮಾತಾಡುವ ಹೊತ್ತು ಕಡಿಮೆಯಾಗುತ್ತದೆ, ಆದ್ದರಿಂದ ಮೊಬೈಲ್ ಕಡಿಮೆ ಮಾಡಿ ಎಂದು ನಾನೂ ಹೇಳುತ್ತೇನೆ. ಆದರೆ ಎಷ್ಟೋ ಮನೆಗಳಲ್ಲಿ ನಡೆಯುವುದು ತಿರುವುಮುರುವು: ಪ್ರತಿ ಸಲವೂ ಒಂದೇ ರೀತಿ ಬರುವ ದೃಶ್ಯ, ಒಂದೇ ಹಾಡು ಆಟಿಸಂ ಇರುವ ಮಗುವಿಗೆ ಮೊದಲೇ ಹಿತವಾಗಿರುವುದರಿಂದ ಅದು ಮೊಬೈಲಿಗೆ ಅಂಟಿಕೊಳ್ಳುತ್ತದೆ, ನಾವು ಫಲವನ್ನು ನೋಡಿ ಬೀಜ ಎನ್ನುತ್ತೇವೆ.

ಇನ್ನು ನಿಮ್ಮ ಅರ್ಜಿ. ಆ ಅಂಕಣದಲ್ಲಿ ಮಗನನ್ನೇ ಬರೆಯಿರಿ: ಏನನ್ನು ಎಣಿಸುತ್ತಾನೆ, ಯಾವ ಸದ್ದು ಆಗುವುದಿಲ್ಲ, ಗಂಟೆ ಹೊಡೆಯುವ ಮುನ್ನ ಹೇಳಿದರೆ ತಡೆದುಕೊಳ್ಳುತ್ತಾನೆಯೇ ಎಂಬುದನ್ನು. ಆಟಿಸಂ ಎಂಬ ಪದ ಆರೋಗ್ಯದ ಅಂಕಣದಲ್ಲಿರಲಿ. ಮರೆಮಾಚುವುದು ಬೇಡ, ಶಿಕ್ಷಕರಿಗೆ ಅದು ತಿಳಿದಿರಬೇಕು. ಆಟಿಸಂಗೆ ಕನ್ನಡದಲ್ಲಿರುವ ‘ಸ್ವಲೀನತೆ’ ಎಂಬ ಗ್ರಂಥಸ್ಥ ಪದವನ್ನು ಮಾತ್ರ ನಾನಾಗಿ ಬಳಸಲಾರೆ. ಮಗು ಬೇಕೆಂದೇ ತನ್ನೊಳಗೆ ಲೀನವಾಗಿ ಕೂತಿದೆ ಎಂಬ ಧ್ವನಿ ಅದರಲ್ಲಿದೆ.

ನೀವು ಕೇಳಿಲ್ಲ, ಆದರೆ ಇಷ್ಟು ಓದಿದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಗುಣವಾದರೆ ಅಂಗವಿಕಲತೆಯ ಪ್ರಮಾಣಪತ್ರ ಏಕೆ? ಎಡಗೈ ಬಳಸುವುದೂ ಗುಣವೇ, ಅದಕ್ಕೆ ಯಾರೂ ಪ್ರಮಾಣಪತ್ರ ಕೇಳುವುದಿಲ್ಲ. ಆದರೆ ಎಡಗೈಯವರಿಗೆ ಬಸ್ ಹತ್ತುವುದಾಗಲಿ ಉದ್ಯೋಗ ಹುಡುಕುವುದಾಗಲಿ ಆ ಕಾರಣದಿಂದ ನಿಲ್ಲುವುದಿಲ್ಲ. ಆಟಿಸಂ ಇರುವವರಲ್ಲಿ ಕೆಲವರಿಗೆ ಮಾತೇ ಬರುವುದಿಲ್ಲ, ಕೆಲವರಿಗೆ ಬದುಕಿನುದ್ದಕ್ಕೂ ಜೊತೆಗೊಬ್ಬರು ಬೇಕು. ಗುಣವಾಗಿದ್ದುಕೊಂಡೇ ಅದು ಅಂಗವಿಕಲತೆಯೂ ಆಗಬಲ್ಲದು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿದ್ದ 7 ವಿಧಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ ಅದನ್ನು ಹೆಸರಿಸಿತು. 2016ರ ಕಾಯ್ದೆಯ 21 ವಿಧಗಳಲ್ಲಿ ಅದೂ ಒಂದು. ಮೀಸಲಾತಿಯಂಥ ಸೌಲಭ್ಯಗಳಿಗೆ ಅಂಗವಿಕಲತೆಯ ಪ್ರಮಾಣ ಕನಿಷ್ಠ ಶೇ 40 ಇರಬೇಕು. ನ್ಯಾಸದ ‘ನಿರಾಮಯ’ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಇದೆ. ‘ಹುಡುಗ ದೊಡ್ಡವನಾದರೆ ಸರಿಹೋಗುತ್ತಾನೆ, ಈಗಲೇ ಕಾಗದದಲ್ಲಿ ಏಕೆ ಬರೆಸುವುದು’ ಎಂದು ಮನೆಯ ಹಿರಿಯರು ತಡೆಯುತ್ತಾರೆ, ನೀವು ಸುಮ್ಮನಾಗುತ್ತೀರಿ. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಚ್ಚುವರಿ ಸಮಯ ಬೇಕಾದಾಗ ಆಸ್ಪತ್ರೆಗೂ ಕಚೇರಿಗೂ ಓಡಾಡುವವರು ಆ ಹಿರಿಯರಾಗಿರುವುದಿಲ್ಲ.