ಸಿಗಡಿಯ ಬಿಳಿ ಚುಕ್ಕೆ ರೋಗ: ರೇಷ್ಮೆಯವರಿಗೆ ಮೊದಲೇ ಗೊತ್ತಿದ್ದ ಪಾಠ

ಹುಬ್ಬಳ್ಳಿಗೆ ಸಿಗಡಿ ಬರುವುದು ಅರಬೈಲ್ ಘಟ್ಟ ಹತ್ತಿ. ನಮ್ಮ ಕಡೆ ಅದನ್ನು ತಿನ್ನುವವರಿದ್ದಾರೆ, ಆದರೆ ಇದು ಸಾಕುವ ಸೀಮೆಯಲ್ಲ. ಹಾಗಿದ್ದರೂ ಸಿಗಡಿಯ ವೈರಸ್ ರೋಗಗಳ ಕಥೆ ಬೇಗ ಅರ್ಥವಾಗುವ ಜನ ಇಲ್ಲೇ ಇದ್ದಾರೆ. ಅವರು ಹಾವೇರಿ, ಶಿರಹಟ್ಟಿ ಕಡೆಯ ರೇಷ್ಮೆ ಬೆಳೆಗಾರರು. ಇನ್ನೇನು ಹುಳು ಗೂಡು ಕಟ್ಟಬೇಕು, ಅಷ್ಟರಲ್ಲಿ ಹಾಲುತೊಂಡೆ ರೋಗ ಬಂದು ಬೆಳೆ ಪೂರ್ತಿ ಹೋಗುವುದು ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಲುತೊಂಡೆಯೂ ವೈರಸ್ಸೇ, ಬ್ಯಾಕ್ಯುಲೊವೈರಸ್ ಎಂಬ ಗುಂಪಿನದು. 1974ರಲ್ಲಿ ಅಮೆರಿಕದ ಸಿಗಡಿಯಲ್ಲಿ ಮೊಟ್ಟಮೊದಲು ಒಂದು ವೈರಸ್ ಸಿಕ್ಕಾಗ, ವಿಜ್ಞಾನಿಗಳು ಅದನ್ನು ಸೇರಿಸಿದ್ದೂ ಇದೇ ಬ್ಯಾಕ್ಯುಲೊವೈರಸ್ ಗುಂಪಿಗೆ. ಆಗ ಅದನ್ನು ಯಾರೂ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಸಿಗಡಿ ಸಾಕಣೆ ಇನ್ನೂ ದೊಡ್ಡ ದಂಧೆಯಾಗಿರಲಿಲ್ಲ.

ದಂಧೆ ಬೆಳೆದ ಮೇಲೆ ರೋಗವೂ ಬೆಳೆಯಿತು. ಜಗತ್ತಿಗೇ ಟೈಗರ್ ಸಿಗಡಿ ಕಳಿಸುತ್ತಿದ್ದ ತೈವಾನ್‌ನಲ್ಲಿ 1988ರಲ್ಲಿ ಉತ್ಪಾದನೆ ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗದ ಆಸುಪಾಸಿಗೆ ಕುಸಿಯಿತು. ಕೊಳಕು ನೀರು, ಅತಿಯಾದ ದಟ್ಟಣೆ, ವೈರಸ್ ಮೂರೂ ಸೇರಿ ಮಾಡಿದ ಕೆಲಸ ಅದು. 1990ರ ಹೊತ್ತಿಗೆ ಥಾಯ್ಲೆಂಡ್‌ನಲ್ಲಿ ಹಳದಿ ತಲೆ ರೋಗ ಎಂಬ ಇನ್ನೊಂದು ವೈರಸ್ ರೋಗ ಕಾಣಿಸಿತು.

ಇಡೀ ಚರಿತ್ರೆಯಲ್ಲಿ ನನಗೆ ಜಾಸ್ತಿ ಕುತೂಹಲ ಹುಟ್ಟಿಸುವುದು ಈಕ್ವೆಡಾರ್ ಪ್ರಸಂಗ. 1992ರಲ್ಲಿ ಅಲ್ಲಿನ ಟೌರಾ ನದಿಯ ಹತ್ತಿರದ ಹೊಂಡಗಳಲ್ಲಿ ಸಿಗಡಿ ರಾಶಿ ರಾಶಿಯಾಗಿ ಸತ್ತವು. ಸುತ್ತಮುತ್ತ ಬಾಳೆ ತೋಟಗಳಿದ್ದವು. ಬಾಳೆಯ ಎಲೆಚುಕ್ಕೆ ರೋಗಕ್ಕೆ ತೋಟದವರು ಶಿಲೀಂಧ್ರನಾಶಕ ಹೊಡೆಯುತ್ತಿದ್ದರು. ಆ ಔಷಧಿ ಹರಿದು ಬಂದೇ ಸಿಗಡಿ ಸತ್ತವು ಅಂತ ಸಾಕಣೆದಾರರು ನಂಬಿದರು. ಕೆಲವು ವಿಜ್ಞಾನಿಗಳೂ ಹೌದೆಂದರು. ಜಗಳ ಕೋರ್ಟಿಗೂ ಹೋಯಿತು. ಕೊನೆಗೆ 1995ರ ಹೊತ್ತಿಗೆ, ಅರಿಜೋನಾ ವಿಶ್ವವಿದ್ಯಾಲಯದ ಡೊನಾಲ್ಡ್ ಲೈಟ್ನರ್ ತಂಡದ ಕೆಲಸದಿಂದ, ಅದು ವೈರಸ್ ಎಂದು ಸಾಬೀತಾಯಿತು. ಬಾಳೆಯವರ ಮೇಲೆ ಬೆರಳು ತೋರಿಸುತ್ತಿದ್ದ ಆ ವರ್ಷಗಳಲ್ಲಿ ಸಿಗಡಿ ಮರಿಗಳ ಸಾಗಾಟ ಮಾತ್ರ ನಿಂತಿರಲಿಲ್ಲ. ರೋಗ ಅವುಗಳ ಜೊತೆಗೇ ಬೇರೆ ದೇಶಗಳಿಗೂ ಹೋಯಿತು.

ಎಲ್ಲಕ್ಕಿಂತ ಕೆಟ್ಟದ್ದು ಬಿಳಿ ಚುಕ್ಕೆ ರೋಗ. 1992ರ ಸುಮಾರಿಗೆ ಚೀನಾ, ತೈವಾನ್ ಭಾಗದಲ್ಲಿ ಶುರುವಾಯಿತು. 1993ರಲ್ಲಿ ಚೀನಾದಿಂದ ತರಿಸಿದ ಮರಿಗಳ ಜೊತೆ ಜಪಾನಿಗೆ ಬಂತು. 1994ರಲ್ಲಿ ಭಾರತಕ್ಕೆ. ಸಿಗಡಿ ಮೇವು ಬಿಡುತ್ತದೆ, ಹೊಂಡದ ಅಂಚಿಗೆ ಬಂದು ನಿಲ್ಲುತ್ತದೆ, ತಲೆಯ ಚಿಪ್ಪಿನ ಒಳಗೆ ಬಿಳಿ ಚುಕ್ಕೆ ಮೂಡುತ್ತವೆ. ಮೂರರಿಂದ ಹತ್ತು ದಿನದಲ್ಲಿ ಹೊಂಡವೇ ಖಾಲಿ. ಮನುಷ್ಯರಿಗೆ ಇದು ತಗಲುವುದಿಲ್ಲ. ಸಾಲ ಮಾತ್ರ ತಗಲುತ್ತದೆ.

ನೆಲ್ಲೂರಿನ ಕಡೆ ಹೊಂಡಗಳು ಬರಿದಾದವು. ನಮ್ಮ ಘಟ್ಟದ ಕೆಳಗೆ, ಕುಮಟಾದ ಅಘನಾಶಿನಿ ದಂಡೆಯ ಗಜನಿಗಳನ್ನೂ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳನ್ನೂ, ರೋಗ ಬಿಡಲಿಲ್ಲ. ಗಜನಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಬ್ಬರದ ನೀರಿನ ಜೊತೆ ತಾನಾಗಿ ಬರುವ ಸಿಗಡಿ, ಇದು ಹಳೆಯ ಪದ್ಧತಿ. ಹ್ಯಾಚರಿಯ ಟೈಗರ್ ಮರಿ ತಂದು ದಟ್ಟವಾಗಿ ಬಿಟ್ಟಾಗ ಲೆಕ್ಕ ಬದಲಾಯಿತು. ಉಬ್ಬರ ಇಳಿತದ ನೀರು ಎಲ್ಲರಿಗೂ ಒಂದೇ ಅಲ್ವಾ? ಒಬ್ಬರು ರೋಗದ ನೀರು ಹೊರಗೆ ಬಿಟ್ಟರೆ ಮುಂದಿನ ಉಬ್ಬರಕ್ಕೆ ಅದು ಪಕ್ಕದವರ ಗದ್ದೆಯಲ್ಲಿರುತ್ತದೆ.

ಇದಕ್ಕೆ ಔಷಧಿ ಇಲ್ಲ. ಲಸಿಕೆಯೂ ಇಲ್ಲ, ಏಕೆಂದರೆ ಸಿಗಡಿಯ ಮೈಯಲ್ಲಿ ನಮ್ಮಂತೆ ಪ್ರತಿಕಾಯ ಹುಟ್ಟುವುದಿಲ್ಲ. ರೇಷ್ಮೆ ಹುಳುವಿನದೂ ಇದೇ ಕಥೆ. ಆದರೆ ರೇಷ್ಮೆಯವರು ಒಂದು ದಾರಿಯನ್ನು ನೂರು ವರ್ಷಕ್ಕೂ ಮೊದಲೇ ಕಂಡುಕೊಂಡಿದ್ದರು. 1865ರಿಂದ ಫ್ರಾನ್ಸಿನಲ್ಲಿ ರೇಷ್ಮೆ ಹುಳುವಿನ ಗಂಟುರೋಗದ ಹಿಂದೆ ಬಿದ್ದ ಲೂಯಿ ಪಾಶ್ಚರ್, ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆ ಎಸೆಯಿರಿ ಎಂದ. ಇವತ್ತು ನಮ್ಮ ರೈತರು ಕೊಳ್ಳುವ ರೋಗರಹಿತ ಮೊಟ್ಟೆಯ ಹಿಂದೆ ಇರುವುದು ಅದೇ ಪದ್ಧತಿ.

ಸಿಗಡಿಯಲ್ಲಿ ಹೀಗಿರಲಿಲ್ಲ. ಟೈಗರ್ ಸಿಗಡಿಯ ತಾಯಿಗಳನ್ನು ಸಮುದ್ರದಿಂದ ಹಿಡಿದು ತರುತ್ತಿದ್ದರು. ಒಂದು ತಾಯಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಅದಕ್ಕೆ ವೈರಸ್ ಇದ್ದರೆ ಎಷ್ಟು ಹೊಂಡಕ್ಕೆ ಹೋಯಿತು ಲೆಕ್ಕ ಹಾಕಿ. ಪಿಸಿಆರ್ ಪರೀಕ್ಷೆ ಬಂದ ಮೇಲಷ್ಟೇ ತಾಯಿಯನ್ನೂ ಮರಿಯನ್ನೂ ನೋಡುವ ರೂಢಿ ಬಂತು. ಚೆನ್ನೈನ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆ ನಮ್ಮಲ್ಲೇ ಇದಕ್ಕೆ ಕಿಟ್ ರೂಪಿಸಿತು.

ಕಾನೂನು ಇನ್ನೂ ನಿಧಾನ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸಿಗಡಿ ಹೊಂಡಗಳ ಮೇಲೆ ಕಠಿಣ ತೀರ್ಪು ಕೊಟ್ಟಿತು, ಅದೂ ಪರಿಸರದ ಕಾರಣಕ್ಕೆ. ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂದದ್ದು 2005ರಲ್ಲಿ. 2009ರಲ್ಲಿ ವನ್ನಾಮಿ ಎಂಬ ಇನ್ನೊಂದು ಜಾತಿಯ ಸಿಗಡಿ ಸಾಕಲು ಅನುಮತಿ ಸಿಕ್ಕಿತು. ಅದರ ತಾಯಿಗಳನ್ನು ರೋಗಮುಕ್ತ ತಳಿ ಕೇಂದ್ರಗಳಿಂದ ತರಿಸಿ, ಚೆನ್ನೈ ಹತ್ತಿರದ ನೀಲಾಂಕರೈನಲ್ಲಿ ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ ಬಿಡುತ್ತಾರೆ. ಈಗ ದೇಶದ ಸಾಕಿದ ಸಿಗಡಿಯಲ್ಲಿ ಹೆಚ್ಚಿನದು ಇದೇ.

ಆದರೂ ಬಿಳಿ ಚುಕ್ಕೆ ಹೋಗಿಲ್ಲ. ರೋಗಮುಕ್ತ ಮರಿ ಅಂದರೆ ರೋಗ ಹೊತ್ತು ಬಂದಿಲ್ಲ ಅಂತ ಅಷ್ಟೇ. ರೋಗ ಬರುವುದೇ ಇಲ್ಲ ಅಂತಲ್ಲ. ಒಳ್ಳೆ ಮೊಟ್ಟೆ ತಂದು, ಬ್ಲೀಚಿಂಗ್ ಪೌಡರ್ ಹೊಡೆಯದ ಮನೆಯಲ್ಲಿ ಹುಳು ಸಾಕಿದವರಿಗೆ ಇದು ಗೊತ್ತು. ಹೊಂಡದ ಸುತ್ತ ಓಡಾಡುವ ಏಡಿಯೇ ವೈರಸ್ ತರಬಲ್ಲದು. ಸಾಲದ್ದಕ್ಕೆ 2009ರಲ್ಲಿ ಥಾಯ್ಲೆಂಡ್‌ನಲ್ಲಿ ಗುರುತಿಸಿದ ಇಎಚ್‌ಪಿ ಎಂಬ ಪರೋಪಜೀವಿ ಈಗ ನಮ್ಮ ಹೊಂಡಗಳಲ್ಲೂ ಇದೆ. ಇದು ಸಿಗಡಿಯನ್ನು ಕೊಲ್ಲುವುದಕ್ಕಿಂತ ಬೆಳೆಯದಂತೆ ಮಾಡುತ್ತದೆ. ತಮಾಷೆ ಏನೆಂದರೆ, ಇದು ವೈರಸ್ ಅಲ್ಲ, ಗಂಟುರೋಗದ ಜೀವಿಯ ನೆಂಟ.

ನಮ್ಮ ಕೆರೆ, ಕೃಷಿ ಹೊಂಡಗಳ ಕಾಟ್ಲಾ, ರೋಹು ಈ ಮಟ್ಟದ ವೈರಸ್ ಹೊಡೆತ ಕಂಡಿಲ್ಲ. 1988ರಲ್ಲಿ ಈಶಾನ್ಯದಿಂದ ಒಳಬಂದ ಮೀನುಗಳ ಹುಣ್ಣಿನ ರೋಗವನ್ನು ಮೊದಮೊದಲು ಹಲವರು ವೈರಸ್ ಎಂದುಕೊಂಡಿದ್ದರು. ಮೂಲ ಕಾರಣ ಶಿಲೀಂಧ್ರದಂಥ ಜೀವಿ ಎಂದು ಆಮೇಲೆ ತಿಳಿಯಿತು. ಚಿಂತೆ ಇರುವುದು ತಿಲಾಪಿಯಾ ಮೀನಿನ ಬಗ್ಗೆ. ಇಸ್ರೇಲಿನಲ್ಲಿ 2014ರಲ್ಲಿ ಗುರುತಿಸಿದ ತಿಲಾಪಿಯಾ ಲೇಕ್ ವೈರಸ್ ಭಾರತದಲ್ಲೂ ವರದಿಯಾಗಿದೆ. ಬೆಲೆ ಕಡಿಮೆ ಅಂತ ಎಲ್ಲಿಂದಲೋ ಮರಿ ತಂದು ಹೊಂಡಕ್ಕೆ ಬಿಡುವವರು ನಮ್ಮಲ್ಲೂ ಇದ್ದಾರೆ. ಕೆರೆ ಕೋಡಿ ಬಿದ್ದರೆ ಆ ನೀರು ಮುಂದಿನ ಕೆರೆಗೆ ಹೋಗುತ್ತದೆ.

ಮೀನು ಒಂದೇ ಸಮನೆ ಸಾಯತೊಡಗಿದರೆ ಸತ್ತದ್ದನ್ನು ಹೊತ್ತುಕೊಂಡು ಹೋಗಬೇಡಿ. ಕೊಳೆತ ಮೀನಿನಲ್ಲಿ ಪರೀಕ್ಷೆಗೆ ಏನೂ ಉಳಿದಿರುವುದಿಲ್ಲ. ಸಾಯುವ ಹಂತದಲ್ಲಿರುವ, ಇನ್ನೂ ಉಸಿರಾಡುತ್ತಿರುವ ಮೀನು ಬೇಕು. ಮೀನುಗಾರಿಕೆ ಇಲಾಖೆಗೆ ಫೋನ್ ಮಾಡಿ, ಅವರು ಬರುವ ತನಕ ಹೊಂಡದ ನೀರನ್ನು ಹೊರಗೆ ಬಿಡಬೇಡಿ.