ಕಡತ ಕಾಯುವವರಿಗೆ ಗೌರವ ಸಿಗಬೇಕಾದರೆ ಸಂಘಗಳು ಏನು ಮಾಡಬೇಕು?

ಪ್ರಶ್ನೆ: ನಾನು ದಾಖಲೆ ನಿರ್ವಹಣೆಯ ಕೆಲಸದಲ್ಲಿದ್ದೇನೆ. ವಕೀಲರಿಗೆ, ಎಂಜಿನಿಯರುಗಳಿಗೆ ಇರುವ ಮನ್ನಣೆ ನಮಗಿಲ್ಲ. ನಮ್ಮ ವೃತ್ತಿಯ ಮಹತ್ವ ತಿಳಿಸಲು ವೃತ್ತಿಪರ ಸಂಘಗಳು ಏನು ಮಾಡಬೇಕು?

ಉತ್ತರ: ಸಂಘಗಳು ತಮ್ಮ ತಮ್ಮಲ್ಲೇ ಸಮ್ಮೇಳನ ನಡೆಸಿದ್ದು ಸಾಕು. ಇನ್ನು ಕೌಂಟರಿನ ಮುಂದೆ ಸಾಲಿನಲ್ಲಿ ನಿಂತವರ ಜೊತೆ ಮಾತನಾಡಬೇಕು. ಕಾಗದ ಸಿಗದೆ ಅಲೆದವರಿಗೆ ಈ ಕೆಲಸದ ಬೆಲೆ ಚೆನ್ನಾಗಿ ಗೊತ್ತು. ಅದನ್ನು ಮಾಡುವವರು ಯಾರು ಎಂಬುದಷ್ಟೇ ಗೊತ್ತಿಲ್ಲ.

ಕೆಲವು ವರ್ಷಗಳ ಹಿಂದೆ ಸೋದರಮಾವನ ಜೊತೆ ತಾಲ್ಲೂಕು ಕಚೇರಿಯೊಂದಕ್ಕೆ ಅಲೆದಿದ್ದೆ. ಗೇಣಿ ಜಮೀನಿಗಾಗಿ ಅಜ್ಜ 1970ರ ದಶಕದಲ್ಲಿ ಸಲ್ಲಿಸಿದ್ದ ನಮೂನೆ 7ರ ಅರ್ಜಿ ಮತ್ತು ಭೂ ನ್ಯಾಯಮಂಡಳಿಯ ಆದೇಶದ ನಕಲು ಬೇಕಿತ್ತು. ಎರಡು ಸಲವೂ ಕೈಗೆ ಬಂದದ್ದು ಒಂದೇ ಹಿಂಬರಹ: ‘ಕಡತ ಲಭ್ಯವಿಲ್ಲ’. ಮೂರನೆಯ ಸಲ ಹೋದಾಗ ರೆಕಾರ್ಡ್ ರೂಮಿಗೆ ಹೊಸಬರೊಬ್ಬರು ಬಂದಿದ್ದರು. ಆಕೆ ಕೆಂಪು ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಹೋಬಳಿವಾರು, ಗ್ರಾಮವಾರು ವಿಂಗಡಿಸಿ, ಪ್ರತಿ ಗಂಟಿಗೂ ರಟ್ಟಿನ ಚೀಟಿ ಕಟ್ಟಿ, ಎಲ್ಲವನ್ನೂ ಉದ್ದನೆಯ ವಹಿಯೊಂದರಲ್ಲಿ ಬರೆದಿಟ್ಟಿದ್ದರು. ಊರಿನ ಹೆಸರು ಕೇಳಿ, ವಹಿಯ ಮೇಲೆ ಬೆರಳಾಡಿಸಿ, ಏಣಿ ಹತ್ತಿದರು. ಇಪ್ಪತ್ತು ನಿಮಿಷದಲ್ಲಿ ಕಡತ ಮೇಜಿನ ಮೇಲಿತ್ತು. ಅಂಚನ್ನು ಗೆದ್ದಲು ತಿಂದಿತ್ತು, ಅಜ್ಜನ ಹೆಬ್ಬೆಟ್ಟಿನ ಗುರುತು ಮಾತ್ರ ಮಾಸಿರಲಿಲ್ಲ. ಕಡತ ಮೊದಲಿನಿಂದಲೂ ಅದೇ ಕೋಣೆಯಲ್ಲೇ ಇತ್ತು.

ಇಂಥ ಪ್ರಸಂಗಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. ಸಂಘಗಳು ಅವನ್ನು ಕಲೆಹಾಕಿ ಪತ್ರಿಕೆಗಳಿಗೆ ಬರೆಯಲಿ. ಜೂನ್ 9 ಅಂತರರಾಷ್ಟ್ರೀಯ ಪತ್ರಾಗಾರ ದಿನ, ಅಂದರೆ ಹಳೆಯ ದಾಖಲೆಗಳನ್ನು ಕಾಯ್ದಿಡುವ ಸಂಸ್ಥೆಗಳ ದಿನ. ಅಂದು ಸಭಾಂಗಣದಲ್ಲಿ ದೀಪ ಬೆಳಗಿಸುವ ಬದಲು ರೆಕಾರ್ಡ್ ರೂಮಿನ ಬಾಗಿಲು ತೆರೆದು ರೈತರಿಗೆ, ವಿದ್ಯಾರ್ಥಿಗಳಿಗೆ ಒಳಗಿನ ಕೆಲಸ ತೋರಿಸಲಿ.

ಹುಡುಕಿಕೊಡುವುದು ಕಣ್ಣಿಗೆ ಕಾಣುವ ಕೆಲಸ. ಏನನ್ನು ಇಡಬೇಕು, ಏನನ್ನು ನಾಶಪಡಿಸಬಹುದು ಎಂದು ತೀರ್ಮಾನಿಸುವುದು ಅದಕ್ಕಿಂತ ಕಠಿಣ. ನಮ್ಮ ಸರ್ಕಾರಿ ಕಡತಗಳು ‘ಎ’ಯಿಂದ ‘ಇ’ವರೆಗೆ ವರ್ಗೀಕರಣವಾಗುತ್ತವೆ: ‘ಎ’ ಶಾಶ್ವತ, ‘ಇ’ ಒಂದೇ ವರ್ಷಕ್ಕೆ. ಆ ಒಂದಕ್ಷರ ತಪ್ಪಿದರೆ ಏನಾಗುತ್ತದೆ ಎಂದು ಕಲ್ಪಿಸಿಕೊಳ್ಳಿ. ಬ್ರಿಟನ್ನಿನಲ್ಲಿ ನಡೆದದ್ದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಎರಡನೆಯ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳಿಂದ ಹಡಗಿನಲ್ಲಿ ಬಂದಿಳಿದವರ ಆಗಮನ ಚೀಟಿಗಳನ್ನು ಅಲ್ಲಿನ ಗೃಹ ಇಲಾಖೆ ಕಾಪಾಡಿಕೊಂಡಿತ್ತು. 2010ರಲ್ಲಿ ಅವುಗಳನ್ನು ನಾಶಪಡಿಸಲಾಯಿತು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಹಾಗೆ ಮಾಡಿದ್ದಾಗಿ ಇಲಾಖೆ ಆಮೇಲೆ ಹೇಳಿತು. ಅಷ್ಟರಲ್ಲಿ, ದಶಕಗಳಿಂದ ಅಲ್ಲೇ ದುಡಿದು ತೆರಿಗೆ ಕಟ್ಟಿದ್ದ ವೃದ್ಧರ ಬಳಿ ‘ನೀವು ಯಾವಾಗ ಬಂದಿರಿ, ಪುರಾವೆ ಕೊಡಿ’ ಎಂದು ಕೇಳಲಾಗಿತ್ತು. ಕೆಲವರು ಕೆಲಸ ಕಳೆದುಕೊಂಡರು, ಕೆಲವರು ಚಿಕಿತ್ಸೆಯಿಂದ ವಂಚಿತರಾದರು, ಕೆಲವರನ್ನು ದೇಶದಿಂದಲೇ ಹೊರಹಾಕಲಾಯಿತು. 2018ರಲ್ಲಿ ವಿಷಯ ಬಯಲಾಗಿ ಗೃಹ ಸಚಿವೆ ರಾಜೀನಾಮೆ ಕೊಟ್ಟರು. ‘ಈ ಚೀಟಿ ಮುಂದೆ ಯಾರಿಗೆ ಬೇಕಾಗಬಹುದು?’ ಎಂದು ನಾಶಕ್ಕೆ ಮುಂಚೆ ಕೇಳುವುದೇ ದಾಖಲೆ ನಿರ್ವಾಹಕರ ಕೆಲಸ. ವೃತ್ತಿಯ ಬಗ್ಗೆ ಭಾಷಣ ಮಾಡುವ ಸಂಘ ಇದೊಂದು ಸಂಗತಿ ಹೇಳಿದರೂ ಕೇಳುಗರಿಗೆ ಅರ್ಥವಾಗುತ್ತದೆ.

ಇನ್ನು ಕಾನೂನು. ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 4(1)(ಎ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ತಯಾರಿಸಿ ಇಡಬೇಕು. ಸಾರ್ವಜನಿಕ ದಾಖಲೆಗಳ ಕಾಯ್ದೆ, 1993 ಇನ್ನೂ ಒಂದು ಹೆಜ್ಜೆ ಮುಂದಿದೆ: ಕೇಂದ್ರ ಸರ್ಕಾರದ ಕಚೇರಿಗಳು ತಮ್ಮಲ್ಲೊಬ್ಬರನ್ನು ದಾಖಲೆ ಅಧಿಕಾರಿಯಾಗಿ ನೇಮಿಸಲೇಬೇಕು, ನಿಯಮ ಮೀರಿ ದಾಖಲೆ ನಾಶಪಡಿಸಿದವರಿಗೆ ಐದು ವರ್ಷದವರೆಗೆ ಜೈಲು ವಿಧಿಸಬಹುದು. ಮಾಹಿತಿ ಅಧಿಕಾರಿಯ ಹೆಸರಿರುವ ಫಲಕ ಕಚೇರಿಯ ಗೋಡೆಯಲ್ಲಿ ಕಾಣುತ್ತದೆ. ದಾಖಲೆ ಅಧಿಕಾರಿಯ ಫಲಕವನ್ನು ನಾನಂತೂ ಎಲ್ಲೂ ನೋಡಿಲ್ಲ. ಸಂಘಗಳು ಮೊದಲು ಆ ಫಲಕಕ್ಕಾಗಿ ಒತ್ತಾಯಿಸಬೇಕು. ಗೋಡೆಯ ಮೇಲೆ ಹೆಸರು ಬಿದ್ದರೆ ಜನ ಕೇಳಲು ಬರುತ್ತಾರೆ. ಆಗ ‘ಇವರಿಗೆ ತರಬೇತಿ ಇದೆಯೇ?’ ಎಂಬ ಪ್ರಶ್ನೆಯೂ ಏಳುತ್ತದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರ ನಡೆಸುವಂಥ ತರಬೇತಿ ಜಿಲ್ಲಾ ಮಟ್ಟದಲ್ಲಿ, ಕನ್ನಡದಲ್ಲಿ ಬೇಕು ಎಂದು ಹೋರಾಡಲು ಆಗ ಸಂಘಗಳಿಗೂ ಬಲ ಬರುತ್ತದೆ.

‘ಎಲ್ಲವನ್ನೂ ಸ್ಕ್ಯಾನ್ ಮಾಡುತ್ತಿದ್ದೇವೆ, ಇನ್ನು ಇವರೇಕೆ?’ ಎಂದು ಕೇಳುವವರಿಗೂ ಸಂಘಗಳೇ ಉತ್ತರ ಹೇಳಬೇಕು. ಊರು, ಸರ್ವೆ ನಂಬರು, ವರ್ಷ ನಮೂದಿಸದೆ ಸ್ಕ್ಯಾನ್ ಮಾಡಿದ ಸಾವಿರ ಪುಟಗಳು ಚೀಟಿಯಿಲ್ಲದ ಸಾವಿರ ಗಂಟುಗಳೇ. ಟೆಂಡರ್ ಕರೆಯುವ ಮುಂಚೆಯೇ, ಸೂಚಿ ಹೇಗಿರಬೇಕು ಎಂದು ಸಂಘಗಳು ಲಿಖಿತವಾಗಿ ಕೊಡಲಿ.

ನಮ್ಮ ಅಜ್ಜನ ಕಡತ ಹುಡುಕಿಕೊಟ್ಟವರಿಗೆ ಮರುವರ್ಷವೇ ಬೇರೆ ವಿಭಾಗಕ್ಕೆ ವರ್ಗವಾಯಿತು. ಮತ್ತೊಂದು ನಕಲಿಗಾಗಿ ಹೋದಾಗ ರೆಕಾರ್ಡ್ ರೂಮಿನಲ್ಲಿದ್ದ ಹುಡುಗನಿಗೆ ಯಾವ ಗಂಟು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಆಕೆಯ ವಹಿ ಕಿಟಕಿಯ ಪಕ್ಕದಲ್ಲೇ ಇತ್ತು. ಅದನ್ನು ಓದುವುದು ಹೇಗೆಂದು ಆ ಹುಡುಗನಿಗೆ ನಾನೇ ತೋರಿಸಿಕೊಟ್ಟೆ.