ಫಿನಾಯಿಲ್, ಬೆಳ್ಳುಳ್ಳಿ ಎಲ್ಲ ಹಾಕಿದ್ದಾಯ್ತು, ಆದರೂ ಹಾವು ಬರೋದು ಯಾಕೆ ನಿಂತಿಲ್ಲ?

ಓದುಗರ ಪ್ರಶ್ನೆ: ಊರಂಚಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಎರಡು ವರ್ಷವಾಯಿತು. ಎರಡೂ ಪಕ್ಕ ಖಾಲಿ ಸೈಟು. ಕಳೆದ ತಿಂಗಳು ಹಿತ್ತಲಲ್ಲಿ ಮಾರುದ್ದದ ಹಾವೊಂದು ಹರಿದು ಹೋಯಿತು. ಮೊನ್ನೆ ಚಪ್ಪಲಿ ಸ್ಟ್ಯಾಂಡಿನ ಹಿಂದೆ ನಾಗರಹಾವಿನ ಮರಿ ಸಿಕ್ಕಿತು. ಹಿಡಿಯುವವರನ್ನು ಕರೆಸಿ ಸಾಗಿಸಿದೆವು. ಕಾಂಪೌಂಡಿನ ಸುತ್ತ ಫಿನಾಯಿಲ್ ಸುರಿದಿದ್ದೇವೆ. ಬೆಳ್ಳುಳ್ಳಿ ಜಜ್ಜಿದ ನೀರು ಚಿಮುಕಿಸಿದ್ದೇವೆ. ಹಾವು ಓಡಿಸುವ ಪುಡಿಯನ್ನೂ ತಂದು ಹಾಕಿದ್ದೇವೆ. ಇನ್ನೇನು ಮಾಡಬೇಕು? ಮರಿ ಬಂದಿದೆ ಅಂದರೆ ತಾಯಿ ಇಲ್ಲೇ ಎಲ್ಲೋ ಇರುತ್ತೆ ಅಂತ ಬೀದಿಯ ಅಜ್ಜಿಯೊಬ್ಬರು ಹೇಳುತ್ತಿದ್ದಾರೆ. ಮನೆಯಲ್ಲಿ ಚಿಕ್ಕ ಮಗುವಿದೆ, ಅದಕ್ಕೇ ಭಯ.

ಉತ್ತರ: ಮೊದಲು ಆ ಫಿನಾಯಿಲ್ ಬಾಟಲಿ ಎತ್ತಿಡಿ. ಸುಮ್ನೆ ದುಡ್ಡು ದಂಡ.

ಹಾವು ವಾಸನೆ ಹಿಡಿಯುವುದು ಹೆಚ್ಚಾಗಿ ನಾಲಿಗೆಯಿಂದ. ನಾಲಿಗೆ ಹೊರಚಾಚಿ ಗಾಳಿಯಲ್ಲಿರುವ ಕಣಗಳನ್ನು ಎಳೆದುಕೊಂಡು ಬಾಯಿಯ ಮೇಲ್ಭಾಗದಲ್ಲಿರುವ ಒಂದು ಅಂಗಕ್ಕೆ ಮುಟ್ಟಿಸುತ್ತದೆ. ಇಲಿ ಯಾವ ಕಡೆ ಹೋಯಿತು, ಕಪ್ಪೆ ಎಲ್ಲಿದೆ ಎಂದು ತಿಳಿಯಲು ಇರುವ ಏರ್ಪಾಡು ಅದು. ಬೆಳ್ಳುಳ್ಳಿ ಘಾಟು ನಮಗೆ ಜೋರು ಅನ್ನಿಸಿದ ಮಾತ್ರಕ್ಕೆ ಹಾವು ಹೆದರಿ ಓಡಬೇಕಾಗಿಲ್ಲ. ಗಂಧಕ, ನುಸಿಗುಳಿಗೆ ಸೇರಿಸಿದ ಪುಡಿಗಳನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಹಾವುಗಳು ಅದರ ಮೇಲೇ ಹರಿದು ಆಚೆ ಹೋಗಿವೆ. ಕಾರ್ಬಾಲಿಕ್ ಆಸಿಡ್ ವಿಷಯವಂತೂ ಬೇಡವೇ ಬೇಡ. ಅದು ಚರ್ಮ ಸುಡುವ ವಸ್ತು. ಹಾವಿಗಿಂತ ಮೊದಲು ನಿಮ್ಮ ಮಗುವೋ ಬೀದಿನಾಯಿಯೋ ಅದನ್ನು ಮುಟ್ಟುತ್ತದೆ.

ಅಲ್ಟ್ರಾಸಾನಿಕ್ ಯಂತ್ರ ಅಂತ ಆನ್‌ಲೈನಲ್ಲಿ ಮಾರುತ್ತಾರಲ್ಲ, ಅದರ ಕಥೆ ಇನ್ನೂ ತಮಾಷೆ. ಹಾವಿಗೆ ಕೇಳಿಸುವುದು ತಗ್ಗು ದನಿ ಮಾತ್ರ, ಹೆಚ್ಚೆಂದರೆ ಕೆಲವು ನೂರು ಹರ್ಟ್ಸ್. ಯಂತ್ರ ಕೂಗುವುದು 20,000 ಹರ್ಟ್ಸ್‌ಗಿಂತ ಮೇಲೆ. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ.

ಈಶ್ವರಿ ಬಳ್ಳಿ ನೆಟ್ಟರೆ ಹಾವು ಸುಳಿಯುವುದಿಲ್ಲ ಎಂದು ಯಾರಾದರೂ ನಿಮಗೆ ಈಗಾಗಲೇ ಹೇಳಿರಬಹುದು. ಬೇಕಾದರೆ ನೆಡಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಅದರ ಮೇಲೆಯೇ, ಅದೃಷ್ಟವಿದ್ದರೆ ಅಂಥ ಚೆಂದದ ಚಿಟ್ಟೆ ಬಂದೀತು. ಹಾವು ಮಾತ್ರ ಅದೇ ಬಳ್ಳಿಯ ಬುಡದಲ್ಲಿ ತಣ್ಣಗೆ ಮಲಗಿರುತ್ತದೆ.

ಹಾಗಾದರೆ ಹಾವು ನಿಮ್ಮ ಮನೆಗೇ ಯಾಕೆ ಬಂತು? ಅದಕ್ಕೆ ಬೇಕಾಗಿರುವುದು ಎರಡೇ: ಊಟ ಮತ್ತು ಅಡಗಲು ಜಾಗ. ಹಾವು ಬಿಲ ತೋಡುವುದಿಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿದ ಗಾದೆ ಗೊತ್ತಲ್ಲ, ಇಲಿ ಹೆಗ್ಗಣ ತೋಡಿದ ಬಿಲಕ್ಕೂ ಅದು ಹಾಗೇ ಸೇರಿಕೊಳ್ಳುತ್ತದೆ. ಮನೆಯವರನ್ನೇ ತಿಂದು ಅವರ ಮನೆಯಲ್ಲೇ ವಾಸ! ಹಾಗಾಗಿ ಒಂದು ಹಾವು ಸಾಗಿಸಿದರೆ ಜಾಗ ಖಾಲಿ ಉಳಿಯುವುದಿಲ್ಲ. ಇಲಿ ಇರುವ ತನಕ ಇನ್ನೊಂದು ಬರುತ್ತದೆ. ನೀವು ಎರಡು ವರ್ಷದಿಂದ ಸಾಕುತ್ತಿರುವುದು ಹಾವನ್ನಲ್ಲ, ಇಲಿಯನ್ನು.

ಬೆಳಗ್ಗೆ ಒಂದು ಸಲ ಮನೆ ಸುತ್ತ ನಿಧಾನಕ್ಕೆ ನಡೆದು ನೋಡಿ. ಮನೆ ಕಟ್ಟಿ ಉಳಿದ ಇಟ್ಟಿಗೆ, ಟೈಲ್ಸ್ ಚೂರು, ಸೆಂಟ್ರಿಂಗ್ ಹಲಗೆ ಹಿತ್ತಲ ಮೂಲೆಯಲ್ಲಿ ಇನ್ನೂ ಬಿದ್ದಿವೆ ಅಲ್ವಾ? ಹೊಸ ಮನೆಗಳಲ್ಲಿ ನಾನು ಮೊದಲು ನೋಡುವುದೇ ಆ ಮೂಲೆ. ಅದರೊಳಗೆ ಹಗಲಲ್ಲೂ ಕತ್ತಲು, ತಂಪು, ಯಾರ ಕಾಟವೂ ಇಲ್ಲ. ಬೇಕಾದ ಇಟ್ಟಿಗೆಯಿದ್ದರೆ ಗೋಡೆಯಿಂದ ದೂರ, ಕಬ್ಬಿಣದ ಸ್ಟ್ಯಾಂಡ್ ಮೇಲೆ ನೆಲದಿಂದ ಒಂದಡಿ ಎತ್ತರಕ್ಕೆ ಜೋಡಿಸಿ. ಸೌದೆ, ತೆಂಗಿನ ಸಿಪ್ಪೆ, ಒಣ ಗರಿ ಎಲ್ಲಕ್ಕೂ ಇದೇ ಮಾತು. ಮಲೆನಾಡಿನ ನಮ್ಮ ಅಜ್ಜಿಮನೆಯಲ್ಲಿ ತೆಂಗಿನ ಸಿಪ್ಪೆ ರಾಶಿಗೆ ಯಾರೂ ಬರಿಗೈ ಹಾಕುತ್ತಿರಲಿಲ್ಲ. ಮೊದಲು ಕೋಲಿನಿಂದ ಎರಡು ಬಾರಿ ತಟ್ಟಿ, ಒಂದು ಕ್ಷಣ ಕಾದು, ಆಮೇಲೆ ಎತ್ತುತ್ತಿದ್ದರು. ಶಾಸ್ತ್ರವೇನೋ ಅಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಕಾರಣ ಗೊತ್ತಾಯಿತು: ಹಾವು ನೆಲದ ಅದುರುವಿಕೆಯನ್ನು ಚೆನ್ನಾಗಿ ಗ್ರಹಿಸುತ್ತದೆ, ದಾರಿ ಸಿಕ್ಕರೆ ತಾನಾಗೇ ಸರಿದು ಹೋಗುತ್ತದೆ.

ಆಮೇಲೆ ಇಲಿಯ ಊಟ ಎಲ್ಲಿಂದ ಬರುತ್ತಿದೆ ನೋಡಿ. ರಾತ್ರಿ ಹೊರಗೆ ಉಳಿಯುವ ನಾಯಿ ಅನ್ನದ ತಟ್ಟೆ, ಪಾರಿವಾಳಕ್ಕೆ ಚೆಲ್ಲಿದ ಅಕ್ಕಿ, ಬಾಯಿ ತೆರೆದ ಕಸದ ಬಕೆಟ್, ಕೋಳಿಗೂಡಿನ ಕೆಳಗೆ ಉದುರಿದ ಕಾಳು. ಇವು ನಿಂತರೆ ಅರ್ಧ ಕೆಲಸ ಮುಗಿದಂತೆ. ಇಲಿ ಪಾಷಾಣಕ್ಕಿಂತ ಬೋನು ವಾಸಿ. ಪಾಷಾಣ ತಿಂದು ಒದ್ದಾಡುವ ಇಲಿಯನ್ನು ಬೆಕ್ಕು, ಗೂಬೆ ತಿಂದರೆ ಅವೂ ಸಾಯುತ್ತವೆ. ನಿಮ್ಮ ಪರವಾಗಿ ಬಿಟ್ಟಿ ಕೆಲಸ ಮಾಡುವ ಗೂಬೆಯನ್ನು ಕೊಂದುಕೊಂಡು ಲಾಭವೇನು? ಹೊರಗಿನ ನಲ್ಲಿ ತೊಟ್ಟಿಕ್ಕುತ್ತಿದ್ದರೆ ರಿಪೇರಿ ಮಾಡಿಸಿ. ಒದ್ದೆ ನೆಲಕ್ಕೆ ಕಪ್ಪೆ, ಕಪ್ಪೆಗೆ ಹಾವು. ರಾತ್ರಿಯಿಡೀ ಉರಿಯುವ ಬಾಗಿಲ ದೀಪವೂ ಇದೇ ಸಾಲಿಗೆ ಸೇರುತ್ತದೆ: ಬೆಳಕಿಗೆ ಹುಳ, ಹುಳಕ್ಕೆ ಹಲ್ಲಿ ಮತ್ತು ಕಪ್ಪೆ, ಅವುಗಳ ಹಿಂದೆ ಹಾವು. ಬೇಕಾದಾಗ ಹಾಕಿ, ಉಳಿದ ಹೊತ್ತು ಆರಿಸಿ.

ಇನ್ನು ಸಂದುಗಳು. ನಾಗರ ಮರಿ ಮೊಟ್ಟೆಯಿಂದ ಹೊರಬಂದಾಗ ಸುಮಾರು ಒಂದಡಿ ಉದ್ದ, ಪೆನ್ಸಿಲ್ಲಿನಷ್ಟು ದಪ್ಪ ಇರುತ್ತದೆ. ಮುಂಬಾಗಿಲ ಕೆಳಗೆ ಪೆನ್ಸಿಲ್ ತೂರಿಸಿ ನೋಡಿ. ತೂರಿದರೆ ಹಾವಿನ ಮರಿಯೂ ತೂರುತ್ತದೆ. ಬಾಗಿಲ ಅಡಿಗೆ ಹಾಕುವ ರಬ್ಬರ್ ಪಟ್ಟಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬಚ್ಚಲ ನೀರು ಹೋಗುವ ಪೈಪಿನ ಹೊರಬಾಯಿಗೆ, ಸಂಪಿನ ಮುಚ್ಚಳದ ಸುತ್ತ, ಗೇಟಿನ ಕೆಳಭಾಗಕ್ಕೆ ಕಾಲಿಂಚಿನ ಕಬ್ಬಿಣದ ಜಾಲರಿ ಹಾಕಿಸಿ. ನೈಲಾನ್ ಬಲೆ ಕಟ್ಟಬೇಡಿ. ಅದರಲ್ಲಿ ಹಾವು ಸಿಕ್ಕಿಕೊಂಡು ಒದ್ದಾಡುತ್ತದೆ, ಬಿಡಿಸಲು ಹೋದವರಿಗೆ ಕಡಿಯುತ್ತದೆ. ಬಿಲಗಳನ್ನು ಮುಚ್ಚುವಾಗ ಮಣ್ಣು ತುಂಬಿ ಸುಮ್ಮನಾದರೆ ಹೆಗ್ಗಣ ಒಂದೇ ರಾತ್ರಿಯಲ್ಲಿ ಮತ್ತೆ ತೋಡುತ್ತದೆ. ಜಲ್ಲಿ ಸೇರಿಸಿ ಸಿಮೆಂಟ್ ಹಾಕಬೇಕು. ಒಳಗೆ ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ.

ಖಾಲಿ ಸೈಟಿನ ವಿಷಯ ನಿಮ್ಮ ಕೈ ಮೀರಿದ್ದು, ಒಪ್ಪುತ್ತೇನೆ. ಮಾಲೀಕರನ್ನು ಹುಡುಕಿ ಕಾಂಗ್ರೆಸ್ ಗಿಡ ಕೀಳಿಸಲು ಹೇಳಿ. ಆಗಲಿಲ್ಲವೆಂದರೆ ಪಂಚಾಯಿತಿಗೋ ನಗರಸಭೆಗೋ ಬೀದಿಯವರೆಲ್ಲ ಸೇರಿ ಅರ್ಜಿ ಕೊಡಿ. ಅಲ್ಲಿಯವರೆಗೆ ನಿಮ್ಮ ಕಾಂಪೌಂಡಿಗೆ ತಾಗಿದ ಐದಾರು ಅಡಿಯನ್ನಾದರೂ ಬೋಳಾಗಿ ಇಟ್ಟುಕೊಳ್ಳಿ. ಬಯಲು ಜಾಗ ದಾಟಲು ಹಾವು ಹಿಂಜರಿಯುತ್ತದೆ, ದಾಟಿದರೂ ನಿಮ್ಮ ಕಣ್ಣಿಗೆ ಬೀಳುತ್ತದೆ.

ನೀವು ಮೊದಲು ಕಂಡ ಮಾರುದ್ದದ ಹಾವು ಬಹುಶಃ ಕೇರೆ. ಹಗಲು ಹೊತ್ತು, ಸರಸರ ಓಟ, ದೊಡ್ಡ ಕಣ್ಣು, ತುಟಿಯ ಮೇಲೆ ಕಪ್ಪು ಗೆರೆಗಳು. ಅದಕ್ಕೆ ವಿಷವಿಲ್ಲ, ಇಲಿ ಹಿಡಿಯುವುದರಲ್ಲಿ ಎತ್ತಿದ ಕೈ. ಹಿತ್ತಲಲ್ಲಿ ಕಂಡರೆ ಅದರ ಪಾಡಿಗೆ ಬಿಟ್ಟುಬಿಡಿ. ಕೇರೆ ನಾಗರಹಾವಿನ ಗಂಡ ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ಎರಡು ಹಾವು ಹೆಣೆದುಕೊಂಡು ಎದ್ದು ಆಡುವುದನ್ನು ಜನ ಮಿಲನ ಎಂದುಕೊಳ್ಳುತ್ತಾರೆ. ಅದು ಸಾಮಾನ್ಯವಾಗಿ ಎರಡು ಗಂಡು ಕೇರೆಗಳ ಕುಸ್ತಿ.

ನಿಜವಾಗಿ ಎಚ್ಚರ ಬೇಕಾದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಇವುಗಳಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವುದು ಕಟ್ಟುಹಾವು. ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲೇ ಕಡಿಯುತ್ತದೆ. ನೋವು, ಊತ ಹೆಚ್ಚಿಲ್ಲದೆ ಎಷ್ಟೋ ಜನಕ್ಕೆ ಕಡಿದದ್ದೇ ಗೊತ್ತಾಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು ಕಂಡರೆ ಗ್ಯಾಸ್ ಅಂದುಕೊಂಡು ಕೂರಬೇಡಿ, ಆಸ್ಪತ್ರೆಗೆ ಓಡಿ. ಮಂಚದ ಮೇಲೆ ಮಲಗಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದರೆ ಈ ಅಪಾಯ ಬಹುಪಾಲು ತಪ್ಪುತ್ತದೆ. ಮಗುವಿಗೆ ಇವತ್ತೇ ಹೀಗೆ ಮಾಡಿ. ಕತ್ತಲಲ್ಲಿ ಹೊರಗೆ ಕಾಲಿಡುವಾಗ ಟಾರ್ಚ್ ಇರಲಿ.

ಹಾವು ಒಳಗೇ ಬಂದರೆ? ಮಗು, ನಾಯಿ, ಬೆಕ್ಕನ್ನು ಬೇರೆ ಕೋಣೆಗೆ ಕಳಿಸಿ. ಉಳಿದ ಕೋಣೆಗಳ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಹೊರಬಾಗಿಲು ತೆರೆದಿಡಿ. ಒಬ್ಬರು ಹತ್ತು ಅಡಿ ದೂರದಿಂದ ಅದರ ಮೇಲೇ ಕಣ್ಣಿಟ್ಟಿರಬೇಕು. ಕಣ್ಣು ತಪ್ಪಿದರೆ ಹಿಡಿಯುವವರು ಬಂದರೂ ಮನೆಯೆಲ್ಲ ಜಾಲಾಡಬೇಕಾಗುತ್ತದೆ. ಸೀಮೆಎಣ್ಣೆ ಎರಚುವುದು, ಕೋಲಿನಿಂದ ತಿವಿಯುವುದು ಬೇಡ. ಇಂಥ ಹೊತ್ತಲ್ಲಿ ಕಡಿತ ಆಗಬಹುದು. ಹಾವು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವೂ ಹೌದು. ಹತ್ತಿರದ ಅರಣ್ಯ ಕಚೇರಿಯ ನಂಬರ್, ಅವರು ಗುರುತಿಸಿದ ಹಾವು ಹಿಡಿಯುವವರ ನಂಬರ್ ಫ್ರಿಜ್ ಮೇಲೆ ಅಂಟಿಸಿಡಿ. ಬಂದವರು ಹಾವನ್ನು ಕುತ್ತಿಗೆಗೆ ಹಾಕಿಕೊಂಡು ಫೋಟೋಗೆ ನಿಂತರೆ ಮುಂದಿನ ಸಲ ಬೇರೆಯವರನ್ನು ಕರೆಯಿರಿ.

ಕಡಿತವಾದರೆ ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು, ಬಾಯಲ್ಲಿ ಹೀರುವುದು, ನಾಟಿ ಮದ್ದಿಗೆ ಅಲೆಯುವುದು ಯಾವುದೂ ಬೇಡ. ಉಂಗುರ, ಬಳೆ, ಗಡಿಯಾರ ತೆಗೆದು, ಕೈಕಾಲು ಆಡಿಸದೆ 108ಕ್ಕೆ ಕರೆ ಮಾಡಿ. ಇಲ್ಲವೇ ಸಿಕ್ಕಿದ ವಾಹನದಲ್ಲಿ ಹೊರಡಿ. ಹಾವನ್ನು ಹುಡುಕಿ ಹಿಡಿದು ತರುವ ಅಗತ್ಯವಿಲ್ಲ, ನಮ್ಮಲ್ಲಿ ಕೊಡುವ ಪ್ರತಿವಿಷ ಆ ನಾಲ್ಕೂ ಹಾವುಗಳಿಗೆ ಒಂದೇ. ನಿಮ್ಮ ಊರಿನ ಹತ್ತಿರ ಯಾವ ಆಸ್ಪತ್ರೆಯಲ್ಲಿ ಅದು ಇಟ್ಟಿರುತ್ತಾರೆ ಎಂದು ಈಗಲೇ ಕೇಳಿ ತಿಳಿದುಕೊಳ್ಳಿ. ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತಕ್ಕೆ ಸತ್ತಿದ್ದಾರೆ ಎಂದು ಅಧ್ಯಯನವೊಂದು ಅಂದಾಜು ಮಾಡಿದೆ. ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು ಕರ್ನಾಟಕ 2024ರಲ್ಲಿ ನಿಯಮ ತಂದದ್ದು ಸುಮ್ಮನೆ ಅಲ್ಲ.

ಕೊನೆಗೆ ಅಜ್ಜಿಯ ಮಾತು. ಅರ್ಧ ನಿಜ. ತಾಯಿ ನಾಗರ ಮೊಟ್ಟೆಗಳ ಹತ್ತಿರ ಇರುತ್ತದೆ, ಆದರೆ ಮರಿ ಒಡೆದ ಮೇಲೆ ಅದು ತನ್ನ ದಾರಿ ಹಿಡಿಯುತ್ತದೆ. ಮರಿಯನ್ನು ಹುಡುಕಿಕೊಂಡು ಬರುವುದಿಲ್ಲ, ಸೇಡು ತೀರಿಸುವ ಮಾತಂತೂ ಇಲ್ಲವೇ ಇಲ್ಲ. ಆದರೆ ಒಂದು ಸಲಕ್ಕೆ ಹತ್ತಿಪ್ಪತ್ತು ಮೊಟ್ಟೆ ಇರುತ್ತವೆ. ಮಳೆಗಾಲದ ಶುರುವಿನಲ್ಲಿ ಒಂದು ಮರಿ ಕಂಡಿದೆ ಎಂದರೆ ಅದರ ಅಣ್ಣತಮ್ಮಂದಿರು ಅಕ್ಕಪಕ್ಕ ಇರಬಹುದು, ಮತ್ತು ಹುಟ್ಟಿದ ದಿನದಿಂದಲೇ ಅವುಗಳಿಗೂ ವಿಷ ಇರುತ್ತದೆ. ಮುಂದಿನ ಕೆಲವು ವಾರ ಚಪ್ಪಲಿ ಸ್ಟ್ಯಾಂಡನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಡಿ. ಮಗುವಿನ ಶೂಗಳನ್ನು ಮನೆಯೊಳಗೆ, ಎತ್ತರದಲ್ಲಿ ಇಡಿ. ಹಾಕುವ ಮುಂಚೆ ಒಮ್ಮೆ ಕೊಡವಿ.